ಸರಿಯಿರುವ ಬೆರಳು ಹೇಗಿರುತ್ತದೆ?

ಎಂಆರ್‌ಐ ತಂತ್ರದಲ್ಲಿ ಮೊದಲು ಚಿತ್ರವಾಗಿ ಮೂಡಿದ, ಬದುಕಿರುವ ಮನುಷ್ಯನ ಅಂಗ ಯಾವುದು ಅಂತ ಕೇಳಿದರೆ ಹೆಚ್ಚಿನವರು ಮಿದುಳು ಅಂತಾರೆ. ಅಲ್ಲ, ಅದು ಬೆರಳು. 1977ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪೀಟರ್ ಮ್ಯಾನ್ಸ್‌ಫೀಲ್ಡ್ ಮತ್ತು ಅವರ ಶಿಷ್ಯ ಆಂಡ್ರ್ಯೂ ಮಾಡ್ಸ್ಲಿ ಒಂದು ಬೆರಳನ್ನು ಅಡ್ಡ ಸೀಳಿದರೆ ಹೇಗೆ ಕಾಣುತ್ತೋ ಹಾಗೆ, ಸೀಳದೇ ತೆಗೆದ ಚಿತ್ರ ಪ್ರಕಟಿಸಿದರು. ಬೆರಳೇ ಯಾಕೆ? ಅವರ ಆಗಿನ ಉಪಕರಣದಲ್ಲಿ ಮನುಷ್ಯ ಮಲಗುವಷ್ಟು ಜಾಗ ಇರಲಿಲ್ಲ, ಬೆರಳು ತೂರುವಷ್ಟಿತ್ತು. ಅಷ್ಟೇ.

ಅದಕ್ಕೂ 82 ವರ್ಷ ಹಿಂದೆ, 1895ರ ಡಿಸೆಂಬರ್ 22ರಂದು, ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜೆನ್ ತನ್ನ ಹೆಂಡತಿ ಆನಾ ಬರ್ತಾಳ ಕೈಯನ್ನು ಎಕ್ಸ್‌ರೇ ತೆಗೆದಿದ್ದ. ಬೆರಳ ಮೂಳೆಗಳು, ಅದರ ಮೇಲೆ ಕಪ್ಪಗೆ ಕೂತ ಉಂಗುರ. ಅಂದರೆ ದೇಹದ ಒಳಗನ್ನು ನೋಡೋ ಎರಡು ದೊಡ್ಡ ಯಂತ್ರಗಳೂ ಅಕ್ಷರಾಭ್ಯಾಸ ಮಾಡಿದ್ದು ಮನುಷ್ಯನ ಕೈ ಹಿಡಿದೇ.

ಎರಡೂ ಸಲ ಒಂದೇ ಥರದ ತಡವೂ ಆಯಿತು. ಯಂತ್ರ ಬಂತು, ರೋಗಿಗಳ ಕೈ ನೋಡಿದರು, ಕಂಡದ್ದಕ್ಕೆಲ್ಲ ರೋಗದ ಹೆಸರು ಕೊಟ್ಟರು. ಏನೂ ತೊಂದರೆ ಇಲ್ಲದ ಜನರನ್ನು ಕರೆದು, ಸರಿಯಿರುವ ಬೆರಳು ಇದೇ ಯಂತ್ರದಲ್ಲಿ ಹೇಗೆ ಕಾಣುತ್ತೆ ಅಂತ ಗುಂಪುಗುಂಪಾಗಿ ನೋಡಿದ್ದು ಎಷ್ಟೋ ವರ್ಷದ ಮೇಲೆ. ಕೀಲುವಾತದ ಚಿತ್ರಗಳ ಇತಿಹಾಸ ಅಂದರೆ ಬಹುಪಾಲು ಈ ತಡದ ಇತಿಹಾಸವೇ.

ಇದು ನಮಗ್ಯಾಕೆ ಅಂದರೆ, ಆ ತಡದ ಬಿಲ್ಲು ಇವತ್ತು ನಮ್ಮ ಮನೆಗಳಿಗೇ ಬರುತ್ತಿದೆ. ಸಿರುಗುಪ್ಪ, ಕುರುಗೋಡು ಕಡೆಯವರು ಬೆರಳು ನೋವು ಅಂತ ಬಳ್ಳಾರಿಗೆ ಹೋಗುತ್ತಾರೆ. ರಕ್ತ ಕೊಡುತ್ತಾರೆ, ಸ್ಕ್ಯಾನಿಂಗ್ ಮಾಡಿಸುತ್ತಾರೆ, ದೊಡ್ಡ ಕವರ್ ಹಿಡಿದು ಸಂಜೆ ಬಸ್ಸಿಗೆ ವಾಪಸ್ ಬರುತ್ತಾರೆ. ರಾತ್ರಿ ಆ ರಿಪೋರ್ಟಿನ ಫೋಟೋ ಬೆಂಗಳೂರಲ್ಲಿರೋ ಇಂಜಿನಿಯರ್ ಹುಡುಗನ ವಾಟ್ಸಾಪಿಗೆ ಬರುತ್ತೆ: 'ಏನ್ ಬರದಾರ ನೋಡಪ.' ಕಂಪ್ಯೂಟರ್ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮೂರಿನ ನಂಬಿಕೆ. ಅಲ್ಲಿ ಬರೆದಿರುತ್ತೆ: ಮೈಲ್ಡ್ ಸೈನೋವೈಟಿಸ್, ಸ್ಮಾಲ್ ಎರೋಷನ್. ಕೊನೇ ಸಾಲಲ್ಲಿ, ಯಾರೂ ಓದದ ಎರಡು ಪದ: ಕೋರಿಲೇಟ್ ಕ್ಲಿನಿಕಲಿ. ಮೊದಲಿನ ನಾಲ್ಕು ಪದ ಗೂಗಲ್ ಮಾಡಿದರೆ ಸೊಟ್ಟಗಾದ ಕೈಗಳ ಫೋಟೋ ಬರುತ್ತೆ. ಮನೆಯಲ್ಲಿ ಮದುವೆಗಿರೋ ಹುಡುಗಿಯದ್ದಾದರೆ ಆ ರಾತ್ರಿ ಯಾರೂ ಮಲಗಲ್ಲ.

ಆ ಕೊನೇ ಎರಡು ಪದಗಳ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಚಿತ್ರ ಅನ್ನೋದೇ ಇಲ್ಲದ ಕಾಲದಲ್ಲಿ ವೈದ್ಯರ ಹತ್ತಿರ ಇದ್ದದ್ದು ಕಣ್ಣು ಮತ್ತು ಕೈ. ನಮ್ಮ ಕಡೆ ಕೀಲು ಹಿಡಿದರೆ 'ವಾಯು ಆಗೈತಿ' ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆಯುರ್ವೇದದವರು ಹಾಗೆ ಮುಗಿಸಿರಲಿಲ್ಲ. ಚರಕ ಸಂಹಿತೆಯಲ್ಲಿ ವಾತರಕ್ತ ಬೇರೆ. ಅದಕ್ಕಿಂತ ಈಚಿನ, ರೋಗ ಗುರುತಿಸೋದಕ್ಕೆಂದೇ ಬರೆದ 'ಮಾಧವ ನಿದಾನ'ದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಯುರೋಪಿನಲ್ಲಿ ಬಹಳ ಕಾಲ ಎಲ್ಲ ಕೀಲುಬೇನೆಯನ್ನೂ ಗೌಟ್ ಅನ್ನೋ ಒಂದೇ ಚೀಲಕ್ಕೆ ತುಂಬಿದ್ದರು. 1800ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೇ ಅನ್ನೋ ಯುವ ವೈದ್ಯ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ 9 ಹೆಂಗಸರನ್ನು ನೋಡಿ, ಇದು ಆ ಗೌಟ್ ಅಲ್ಲ ಅಂತ ಪ್ರಬಂಧ ಬರೆದ. ಗೌಟ್ ಅಂದರೆ ಉಂಡುಟ್ಟು ಸುಖವಾಗಿರೋ ಗಂಡಸರ ರೋಗ ಅನ್ನೋದು ಆಗಿನ ಮಾತು. ಇವನು ಕಂಡದ್ದು ಬಡ ಹೆಂಗಸರನ್ನು. 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಹೆಸರಿಟ್ಟ.

ಇನ್ನೊಬ್ಬ, ವಿಲಿಯಂ ಹೆಬರ್ಡನ್. ಅವನು ಸತ್ತ ಮೇಲೆ 1802ರಲ್ಲಿ ಹೊರಬಂದ ಪುಸ್ತಕದಲ್ಲಿ, ಉಗುರಿನ ಹತ್ತಿರದ ಗೆಣ್ಣಲ್ಲಿ ಬರೋ ಕಡಲೆಕಾಳಿನಷ್ಟು ಗಟ್ಟಿ ಗಂಟುಗಳ ಬಗ್ಗೆ ಬರೆದಿದ್ದ. ಅದಕ್ಕೂ ಗೌಟಿಗೂ ಸಂಬಂಧ ಇಲ್ಲ, ನೋವೂ ಹೆಚ್ಚಿರಲ್ಲ ಅಂತ. ನಮ್ಮ ಅಜ್ಜಿಯರ ಬೆರಳ ತುದಿಯಲ್ಲಿ ಕಾಣೋ ಗಂಟು ಅದೇ. ಇವತ್ತು ಅದನ್ನು ಸವೆತದ ಕೀಲುಬೇನೆ, ಆಸ್ಟಿಯೋ ಆರ್ಥ್ರೈಟಿಸ್ ಅಂತೀವಿ.

ಈ ಹಳೇ ವೈದ್ಯರು ಬಿಟ್ಟುಹೋದ ಒಂದು ಪಾಠ ಈಗಲೂ ಕೆಲಸಕ್ಕೆ ಬರುತ್ತೆ: ನೋವು ಯಾವ ಗೆಣ್ಣಲ್ಲಿದೆ ಅನ್ನೋದನ್ನ ಮೊದಲು ಕೇಳಬೇಕು. ಉಗುರಿನ ಹತ್ತಿರದ ಗೆಣ್ಣು, ಹೆಬ್ಬೆರಳ ಬುಡ ಆದರೆ ಸಾಮಾನ್ಯವಾಗಿ ಸವೆತ. ಬೆರಳ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟು, ಅದೂ ಎರಡೂ ಕೈಯಲ್ಲಿ, ಬೆಳಿಗ್ಗೆ ಎದ್ದು ಒಂದು ತಾಸಾದರೂ ಮುಷ್ಟಿ ಕಟ್ಟೋಕಾಗದ ಬಿಗಿ ಇದ್ದರೆ ರುಮಟಾಯ್ಡ್ ಅನುಮಾನ. ಇಷ್ಟಕ್ಕೆ ಯಂತ್ರವೇ ಬೇಕಿಲ್ಲ.

ಎಕ್ಸ್‌ರೇ ಬಂದ ಮೇಲೆ ಮೂಳೆ ಕಂಡಿತು. ಮೂಳೆ ಮಾತ್ರ. ಎರಡು ಮೂಳೆಗಳ ನಡುವಿನ ಮೃದ್ವಸ್ಥಿ ಅದರಲ್ಲಿ ಬರೀ ಖಾಲಿ ಜಾಗ. ಕೀಲಿನ ಒಳಪೊರೆ ಕಾಣಲ್ಲ. ರುಮಟಾಯ್ಡ್ ಶುರುವಾಗೋದು ಆ ಒಳಪೊರೆಯಲ್ಲೇ. ಅಲ್ಲಿ ಉರಿಯೂತ ಶುರುವಾಗಿ, ಪೊರೆ ದಪ್ಪಗಾಗಿ, ಕೊನೆಗೆ ಪಕ್ಕದ ಮೂಳೆಯನ್ನು ಕೊರೆಯುತ್ತೆ. ಎಕ್ಸ್‌ರೇಯಲ್ಲಿ ಕೊರೆತ ಕಾಣೋ ಹೊತ್ತಿಗೆ ಇಲಿ ಚೀಲ ಕಚ್ಚಿ ಭತ್ತ ಚೆಲ್ಲಿ ಆಗಿರುತ್ತೆ.

ನಮ್ಮ ಭಾಗಕ್ಕೆ ಈ ವಿದ್ಯೆ ಬಂದ ದಾರಿ ಮದ್ರಾಸಿನದ್ದು. 1934ರಲ್ಲಿ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ವಿಕಿರಣ ಸಂಸ್ಥೆ ಶುರುವಾದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. 1953ರಲ್ಲಿ ಮೈಸೂರಿಗೆ ಸೇರಿತು. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ನಮ್ಮ ಜನ ಈಗಲೂ ವಿಮ್ಸ್ ಅಂತ ಕರೆಯೋದು ಅದನ್ನೇ.

ಸರಿಯಿರುವ ಕೈ ಹೇಗಿರುತ್ತೆ ಅನ್ನೋ ಪ್ರಶ್ನೆಯನ್ನು ಎಕ್ಸ್‌ರೇ ಕಾಲದಲ್ಲಿ ಗಟ್ಟಿಯಾಗಿ ಕೇಳಿದವರು ಮ್ಯಾಂಚೆಸ್ಟರಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಸಾಲದು ಅಂತ ಅವರು ಹತ್ತಿರದ ಲೀ ಅನ್ನೋ ಊರಿನ ಸಾಮಾನ್ಯ ಜನರ ಎಕ್ಸ್‌ರೇ ತೆಗೆದರು. ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳ ಊರು ಅದು. 1957ರಲ್ಲಿ ಸವೆತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡೋ ಪದ್ಧತಿ ಪ್ರಕಟಿಸಿದರು. ಅದೇ ಲೇಖನದಲ್ಲಿ ಇನ್ನೊಂದು ಪ್ರಾಮಾಣಿಕ ಕೆಲಸ ಮಾಡಿದ್ದರು. ಒಂದೇ ಚಿತ್ರವನ್ನು ಇಬ್ಬರು ಬೇರೆ ಬೇರೆ ಕೂತು ಓದಿದರೆ ಎಷ್ಟು ವ್ಯತ್ಯಾಸ ಬರುತ್ತೆ, ಒಬ್ಬನೇ ಎರಡು ಸಲ ಓದಿದರೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿದ್ದರು. ವ್ಯತ್ಯಾಸ ಬಂದೇ ಬಂತು. 1963ರಲ್ಲಿ ಎಲ್ಲರೂ ಪಕ್ಕಕ್ಕಿಟ್ಟು ಹೋಲಿಸೋ ಹಾಗೆ ಮಾದರಿ ಎಕ್ಸ್‌ರೇಗಳ ಒಂದು ಅಟ್ಲಾಸ್ ಹೊರತಂದರು. 1966ರಲ್ಲಿ ಲಾರೆನ್ಸ್ ಮತ್ತು ಸಂಗಡಿಗರು ಚಿತ್ರಕ್ಕೂ ನೋವಿಗೂ ಇರೋ ಸಂಬಂಧದ ಬಗ್ಗೆ ಬರೆದರು. ಎಕ್ಸ್‌ರೇಯಲ್ಲಿ ಸವೆತ ಇದ್ದೂ ನೋವೇ ಇಲ್ಲದವರು ಬೇಕಾದಷ್ಟು ಜನ ಇದ್ದರು.

ರಾಂಟ್‌ಜೆನ್‌ನಿಂದ ಇಲ್ಲಿಗೆ ಬರೋಕೆ 60 ವರ್ಷ ಹಿಡಿಯಿತು. ಅಷ್ಟರಲ್ಲಿ ಮುಂದಿನ ಯಂತ್ರ ಬಾಗಿಲಲ್ಲಿ ನಿಂತಿತ್ತು.

1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಚಿತ್ರವನ್ನು ಕಾಂತದ ಸಹಾಯದಿಂದ ಮೂಡಿಸಿದ. ನಾಲ್ಕು ವರ್ಷಕ್ಕೆ ಮ್ಯಾನ್ಸ್‌ಫೀಲ್ಡ್‌ನ ಬೆರಳು ಬಂತು. ಇಬ್ಬರಿಗೂ 2003ರಲ್ಲಿ ನೊಬೆಲ್ ಸಿಕ್ಕಿತು. ಭಾರತಕ್ಕೆ ಮೊದಲ ಎಂಆರ್‌ಐ ಬಂದದ್ದು 1986ರಲ್ಲಿ, ದೆಹಲಿಯ ಇನ್‌ಮಾಸ್ ಸಂಸ್ಥೆಗೆ.

ಎಂಆರ್‌ಐ ನೋಡೋದು ಮುಖ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರೋ ಹೈಡ್ರೋಜನ್ನನ್ನು. ದೊಡ್ಡ ಕಾಂತದೊಳಗೆ ಕೈ ಇಟ್ಟು, ರೇಡಿಯೋ ಅಲೆ ಬಿಟ್ಟು, ಹೈಡ್ರೋಜನ್ ವಾಪಸ್ ಕೊಡೋ ಸದ್ದನ್ನು ಚಿತ್ರ ಮಾಡುತ್ತೆ. ಉರಿಯೂತ ಇದ್ದ ಕಡೆ ನೀರು ಹೆಚ್ಚು. ಹಾಗಾಗಿ ಎಕ್ಸ್‌ರೇಗೆ ಕಾಣದ ನಾಲ್ಕು ಸಂಗತಿ ಇಲ್ಲಿ ಕಾಣುತ್ತವೆ. ಒಳಪೊರೆ ದಪ್ಪಗಾಗಿ, ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಟ್ಟಾಗ ಬೆಳ್ಳಗೆ ಹೊಳೆದರೆ ಸೈನೋವೈಟಿಸ್. ಬೆರಳನ್ನು ಎಳೆಯೋ ದಾರದಂಥ ಸ್ನಾಯುರಜ್ಜು, ಊರಲ್ಲಿ ನಾವು ನರ ಅಂತೀವಲ್ಲ, ಅದರ ಸುತ್ತಲ ಪೊರೆ ಉಬ್ಬಿದರೆ ಟೀನೋಸೈನೋವೈಟಿಸ್. ಮೂಳೆಯೊಳಗೆ ಅಂಚು ಸ್ಪಷ್ಟವಿಲ್ಲದ ನೀರಿನ ಮಬ್ಬು ಇದ್ದರೆ ಬೋನ್ ಮ್ಯಾರೋ ಎಡಿಮಾ. ಮೂಳೆಯ ಅಂಚೇ ಮುರಿದು ಗುಳಿ ಬಿದ್ದಿದ್ದರೆ ಎರೋಷನ್. ಎಕ್ಸ್‌ರೇಯಲ್ಲಿ ಎಷ್ಟೋ ತಿಂಗಳ ಮೇಲೆ ಕಾಣಬೇಕಾದ ಕೊರೆತ ಇಲ್ಲಿ ಮೊದಲೇ ಸಿಗುತ್ತೆ. ವೈದ್ಯರಿಗೆ ಹಬ್ಬ.

ಹಬ್ಬದ ಜೊತೆ ಗದ್ದಲ. ಒಬ್ಬರು ಎರೋಷನ್ ಅಂದದ್ದು ಇನ್ನೊಬ್ಬರಿಗೆ ಏನೂ ಅಲ್ಲ. ಕಡೆಗೆ ಓಮೆರಾಕ್ಟ್ ಅನ್ನೋ ಅಂತರರಾಷ್ಟ್ರೀಯ ಗುಂಪು 2003ರಲ್ಲಿ ಒಂದು ಒಪ್ಪಿತ ನಿಯಮ ಪ್ರಕಟಿಸಿತು. ಅದರ ಹೆಸರು ರ‍್ಯಾಮ್ರಿಸ್. ಮಣಿಕಟ್ಟು ಮತ್ತು ತೋರುಬೆರಳಿನಿಂದ ಕಿರುಬೆರಳವರೆಗಿನ ಬುಡದ ಗೆಣ್ಣುಗಳಿಗೆ ಅಂಕ: ಸೈನೋವೈಟಿಸ್ ಮತ್ತು ಎಡಿಮಾಗೆ 0ಯಿಂದ 3, ಎರೋಷನ್‌ಗೆ 0ಯಿಂದ 10. ಎರೋಷನ್ ಅನ್ನಬೇಕಾದರೆ ಅದು ಕೀಲಿನ ಪಕ್ಕದಲ್ಲೇ ಇರಬೇಕು, ಅಂಚು ಸ್ಪಷ್ಟವಿರಬೇಕು, ಎರಡು ಕೋನದ ಚಿತ್ರಗಳಲ್ಲಿ ಕಾಣಬೇಕು, ಒಂದರಲ್ಲಾದರೂ ಮೂಳೆಯ ಹೊರಪದರ ಮುರಿದದ್ದು ತೋರಬೇಕು. 2005ರಲ್ಲಿ ಇದಕ್ಕೂ ಒಂದು ಮಾದರಿ ಚಿತ್ರಗಳ ಅಟ್ಲಾಸ್ ಬಂತು. ಕೆಲ್‌ಗ್ರೆನ್, ಲಾರೆನ್ಸ್ 40 ವರ್ಷ ಹಿಂದೆ ಎಕ್ಸ್‌ರೇಗೆ ಮಾಡಿದ್ದನ್ನೇ ಎಂಆರ್‌ಐಗೆ ಮತ್ತೆ ಮಾಡಬೇಕಾಯಿತು.

ನಿಯಮ ಅಷ್ಟು ಬಿಗಿ ಯಾಕೆ ಅಂದರೆ, ಸರಿಯಿರುವ ಬೆರಳಲ್ಲೇ ರೋಗದ ವೇಷ ಹಾಕೋ ವಸ್ತುಗಳು ಇವೆ. ಮೂಳೆಗೆ ರಕ್ತನಾಳ ಹೋಗೋ ಸಣ್ಣ ತೂತು ಒಂದು ಕೋನದಲ್ಲಿ ಕೊರೆತದ ಹಾಗೇ ಕಾಣುತ್ತೆ. ಬುಡದ ಗೆಣ್ಣಿನ ಪಕ್ಕದಲ್ಲಿ ಅಸ್ಥಿರಜ್ಜು ಅಂಟಿಕೊಳ್ಳೋ ಜಾಗದಲ್ಲಿ ಹುಟ್ಟಿನಿಂದಲೇ ಒಂದು ತಗ್ಗು ಇರುತ್ತೆ. ಮಣಿಕಟ್ಟಿನ ಮೂಳೆಗಳಲ್ಲಿ ತಂಟೆ ಮಾಡದ ಸಣ್ಣ ನೀರುಗುಳ್ಳೆ ಇರಬಹುದು. ಯಂತ್ರದ್ದೇ ಆದ ಮೋಸಗಳೂ ಇವೆ. ಸ್ನಾಯುರಜ್ಜು ಕಾಂತಕ್ಕೆ ಸುಮಾರು 55 ಡಿಗ್ರಿ ಓರೆಯಾಗಿ ಬಿದ್ದರೆ, ಏನೂ ಆಗದಿದ್ದರೂ ಬೆಳ್ಳಗೆ ಕಾಣುತ್ತೆ. ಕೈ ಕಾಂತದ ನಡುವಿಂದ ಪಕ್ಕಕ್ಕೆ ಸರಿದಿದ್ದರೆ ಕೊಬ್ಬಿನ ಹೊಳಪು ಸರಿಯಾಗಿ ಅಡಗದೆ ಮೂಳೆಯಲ್ಲಿ ನೀರಿದ್ದ ಹಾಗೆ ತೋರುತ್ತೆ. ಇಂಜೆಕ್ಷನ್ ಕೊಟ್ಟು ತಡ ಮಾಡಿ ಚಿತ್ರ ತೆಗೆದರೆ ಔಷಧ ಪೊರೆಯಿಂದ ಕೀಲಿನ ದ್ರವಕ್ಕೆ ಸೋರಿ, ತೆಳ್ಳಗಿನ ಪೊರೆಯೂ ದಪ್ಪಗೆ ಕಾಣುತ್ತೆ.

ಇನ್ನು ಆರೋಗ್ಯವಂತರ ಸರದಿ. 2004ರಲ್ಲಿ ಡೆನ್ಮಾರ್ಕಿನ ಬೋ ಐಬಿಯರ್ ಮತ್ತು ಸಂಗಡಿಗರು 28 ಆರೋಗ್ಯವಂತರ ಮಣಿಕಟ್ಟು ಮತ್ತು ಬೆರಳುಗಳನ್ನು ಎಂಆರ್‌ಐ ಮಾಡಿ, ಅಲ್ಲೊಂದು ಇಲ್ಲೊಂದು ಎರೋಷನ್‌ನಂಥ, ಸೈನೋವೈಟಿಸ್‌ನಂಥ ಬದಲಾವಣೆ ಇದ್ದೇ ಇರುತ್ತೆ ಅಂತ ತೋರಿಸಿದರು. ದೊಡ್ಡ ಉತ್ತರ ಬಂದದ್ದು 2016ರಲ್ಲಿ, ನೆದರ್‌ಲೆಂಡ್ಸಿನ ಲೈಡನ್‌ನಿಂದ. ಕೀಲುನೋವೇ ಇಲ್ಲದ 193 ಜನ, 19ರಿಂದ 89ರ ವಯಸ್ಸಿನವರು, ಕೈಕಾಲು ಸ್ಕ್ಯಾನ್ ಮಾಡಿಸಿಕೊಂಡರು. ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಯಲ್ಲಿ ಎಲ್ಲಾದರೂ ಒಂದು ಕಡೆ ಉರಿಯೂತದ ಗುರುತು ಸಿಕ್ಕಿತು. ಎರೋಷನ್ ಗುರುತೂ ಅಷ್ಟೇ ಸಾಮಾನ್ಯ. ಹೆಚ್ಚಿನವು ಸಣ್ಣ ಅಂಕದವು, ವಯಸ್ಸಾದಷ್ಟೂ ಹೆಚ್ಚು. ತೋರುಬೆರಳು ಮತ್ತು ನಡುಬೆರಳ ಬುಡದ ಗೆಣ್ಣಲ್ಲಿ ಮಾಮೂಲು.

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಹೊಸ ಮಾನಿಟರಿಂಗ್ ಟೂಲ್ ಹಾಕಿದ ಮೊದಲ ದಿನ ಡ್ಯಾಶ್‌ಬೋರ್ಡ್ ಪೂರ್ತಿ ಕೆಂಪಾಗುತ್ತೆ. ಸರ್ವರ್‌ಗಳು ನಿನ್ನೆಯಂತೆಯೇ ಓಡುತ್ತಿರುತ್ತವೆ. ಬೇಸ್‌ಲೈನ್ ಹಾಕಿಲ್ಲದ ಅಲರ್ಟ್ ಅದು. ಲೈಡನ್‌ನವರೂ ಮುಂದೆ ಬೇಸ್‌ಲೈನ್ ಹಾಕಿದರು. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಅದೇ ಜಾಗದಲ್ಲಿ ಶೇ. 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಕಾಣೋ ಗುರುತನ್ನಷ್ಟೇ ಅಸಹಜ ಅಂತ ಎಣಿಸೋದು. ಹೀಗೆ ಎಣಿಸಿದಾಗ ಸುಳ್ಳು ಅಲರ್ಟು ಇಳಿಯಿತು.

ಆ ಬೇಸ್‌ಲೈನ್ ಹಾಕಿದ ಮೇಲೂ ಚಿತ್ರಕ್ಕೇ ಮದ್ದು ಕೊಟ್ಟರೆ ಏನಾಗುತ್ತೆ? ಅದನ್ನೂ ಪರೀಕ್ಷಿಸಿದರು. ಕೀಲುನೋವು ಇರೋ, ಮುಟ್ಟಿದರೆ ಬಾವು ಸಿಗದ, ಎಂಆರ್‌ಐಯಲ್ಲಿ ಮಾತ್ರ ಉರಿಯೂತ ಕಂಡ 236 ಜನ. ಅರ್ಧ ಜನಕ್ಕೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಮತ್ತು ಒಂದು ವರ್ಷ ಮೆಥೋಟ್ರೆಕ್ಸೇಟ್, ಇನ್ನರ್ಧಕ್ಕೆ ಹುಸಿ ಔಷಧ. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಕೊನೆಗೆ ನಿಜವಾದ ಸಂಧಿವಾತ ಬಂದದ್ದು ಔಷಧ ತಗೊಂಡವರಲ್ಲಿ ಶೇ. 19, ತಗೊಳ್ಳದವರಲ್ಲಿ ಶೇ. 18. ಔಷಧ ತಗೊಂಡವರಿಗೆ ನೋವು ಮತ್ತು ಬಿಗಿ ಕಡಿಮೆ ಆಯಿತು, ಅದು ಸಣ್ಣ ಲಾಭವಲ್ಲ. ಆದರೆ ಇನ್ನೊಂದು ಕಡೆಯಿಂದ ಈ ಅಂಕಿ ಓದಿ: ನೋವೂ ಇತ್ತು, ಎಂಆರ್‌ಐಯಲ್ಲೂ ಕಂಡಿತ್ತು, ಔಷಧ ಕೊಡದಿದ್ದರೂ ಐದರಲ್ಲಿ ನಾಲ್ಕು ಜನಕ್ಕೆ ಎರಡು ವರ್ಷದಲ್ಲಿ ರೋಗ ಬರಲಿಲ್ಲ.

ರೋಗ ಖಚಿತವಾಗಿದ್ದವರ ಕಥೆಯೂ ಇದೆ. ಡೆನ್ಮಾರ್ಕಿನಲ್ಲಿ ರುಮಟಾಯ್ಡ್ ಹತೋಟಿಗೆ ಬಂದಿದ್ದ 200 ಜನರನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ವೈದ್ಯರ ಪರೀಕ್ಷೆ ನೋಡಿ ಔಷಧ, ಇನ್ನೊಂದರಲ್ಲಿ ಎಂಆರ್‌ಐಯಲ್ಲಿ ಮೂಳೆಯ ಎಡಿಮಾ ಹೋಗೋವರೆಗೂ ಔಷಧ ಏರಿಸೋದು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಂಆರ್‌ಐ ಹಿಂದೆ ಓಡಿದ ಗುಂಪಿಗೆ ಮೂಳೆ ಹೆಚ್ಚು ಉಳಿಯಲೂ ಇಲ್ಲ, ಅವರ ಎಂಆರ್‌ಐ ಗುಂಪಿನಲ್ಲಿ ಗಂಭೀರ ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದ್ದವು.

ಹಾಗಾದರೆ ಸ್ಕ್ಯಾನು ಬೇಡವೇ ಬೇಡ, ನೋವು ತಾನಾಗೇ ಹೋಗುತ್ತೆ ಅಂತ ಕೂರಬಹುದಾ? ಕೂರಬಾರದು. ರುಮಟಾಯ್ಡ್ ನಿಜವಾಗಿದ್ದರೆ ಮೊದಲ ಕೆಲವು ತಿಂಗಳು ಬಹಳ ಬೆಲೆಯುಳ್ಳವು. ಆಗ ಔಷಧ ಶುರುವಾದರೆ ಬೆರಳು ಸೊಟ್ಟಗಾಗೋದು ತಪ್ಪುತ್ತೆ. ಮೆಥೋಟ್ರೆಕ್ಸೇಟ್ ಒಳ್ಳೇ ಔಷಧ, ಅದರಿಂದ ಕೈ ಉಳಿಸಿಕೊಂಡವರು ಲೆಕ್ಕವಿಲ್ಲ. ಆದರೆ ಅದು ವಾರಕ್ಕೆ ಒಂದೇ ದಿನ ನುಂಗೋ ಔಷಧ, ಲಿವರ್ ಮತ್ತು ರಕ್ತವನ್ನು ಆಗಾಗ ಪರೀಕ್ಷೆ ಮಾಡಿಸಬೇಕು, ಬಸುರಿಯಾಗಬೇಕೆಂದಿರುವ ಹೆಣ್ಣುಮಗಳು ತಗೊಳ್ಳೋ ಹಾಗಿಲ್ಲ. ಸರಿಯಿರುವ ಬೆರಳಿಗೆ ರೋಗ ಅಂತ ಬರೆದರೆ ಬರೋ ನಷ್ಟ ಇದು. ರೋಗ ಇದ್ದ ಬೆರಳನ್ನು ಸರಿ ಇದೆ ಅಂದರೆ ಬರೋ ನಷ್ಟ ಕೈಯೇ.

ಈ ಎರಡರ ನಡುವಿನ ಗೊಂದಲ ನಮ್ಮ ಜಿಲ್ಲೆಗೆ ಒಮ್ಮೆಲೇ ಮನೆಮನೆಗೆ ಬಂದ ವರ್ಷವೊಂದಿದೆ: 2006. ಚಿಕೂನ್‌ಗುನ್ಯಾ. ದೇಶದಲ್ಲಿ ಆ ವರ್ಷ ಸುಮಾರು 13.9 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷದಷ್ಟು, ಕರ್ನಾಟಕದ್ದೇ. ಮೊದಲು ಸೋಂಕು ಹಬ್ಬಿದ ಜಿಲ್ಲೆಗಳ ಪಟ್ಟಿಯಲ್ಲಿ ಕಲಬುರಗಿ, ಬೀದರ್, ರಾಯಚೂರುಗಳ ಜೊತೆ ಬಳ್ಳಾರಿಯೂ ಇತ್ತು. 1950ರ ದಶಕದಲ್ಲಿ ಈ ರೋಗಕ್ಕೆ ಹೆಸರು ಬಂದದ್ದು ಆಫ್ರಿಕಾದ ಮಕೊಂಡೆ ಭಾಷೆಯಿಂದ, ಬಾಗಿಸಿಬಿಡುವಂಥದ್ದು ಅನ್ನೋ ಅರ್ಥದಲ್ಲಿ. ಆ ವರ್ಷ ನಮ್ಮ ಕಡೆ ನೋಡಿದವರಿಗೆ ಹೆಸರು ವಿವರಿಸೋ ಅಗತ್ಯ ಇರಲಿಲ್ಲ. ಜ್ವರ ವಾರಕ್ಕೆ ಹೋಯಿತು, ಕೀಲು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಚೊಂಬು ಹಿಡಿಯೋಕಾಗಲ್ಲ, ಹಿಟ್ಟು ನಾದೋಕಾಗಲ್ಲ. 'ಬೆಳ್ಳು ಮಡಚಾಕ ಬರವಲ್ದು' ಅನ್ನೋ ಮಾತು ಕಟ್ಟೆಕಟ್ಟೆಯಲ್ಲೂ ಕೇಳುತ್ತಿತ್ತು. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿ.

ಎರಡೂ ಕೈಯ ಸಣ್ಣ ಗೆಣ್ಣುಗಳಲ್ಲಿ ನೋವು, ಬೆಳಗಿನ ಬಿಗಿ. ಪುಸ್ತಕದ ಪ್ರಕಾರ ಇದೇ ರುಮಟಾಯ್ಡ್ ಲಕ್ಷಣ. ಚಿತ್ರ ತೆಗೆದು ಬೇರ್ಪಡಿಸೋಣ ಅಂದರೆ ಅಲ್ಲೂ ಪೇಚು. ಕರ್ನಾಟಕದ್ದೇ ಉದಾಹರಣೆ ಇದೆ. ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯಾ ಬಂದವರನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಎಂಆರ್‌ಐ ಮಾಡಿದ್ದರು. ಕೀಲಿನಲ್ಲಿ ನೀರು, ಪೊರೆ ದಪ್ಪ, ಮೂಳೆಮಜ್ಜೆಯಲ್ಲಿ ಎಡಿಮಾ, ಸ್ನಾಯುರಜ್ಜಿನ ಉರಿಯೂತ, ಕೊರೆತ ಕೂಡ ಕಂಡಿತ್ತು. ಅಂದರೆ ರ‍್ಯಾಮ್ರಿಸ್ ಅಂಕಪಟ್ಟಿಯ ಎಲ್ಲ ವಿಷಯದಲ್ಲೂ ಸೊಳ್ಳೆ ತಂದ ವೈರಸ್ಸಿಗೂ ಅಂಕ ಬೀಳುತ್ತೆ. ಚಿತ್ರ ಉರಿಯೂತ ಇದೆ ಅಂತ ಹೇಳಬಲ್ಲದು. ಯಾಕೆ ಇದೆ ಅಂತ ಹೇಳೋಕೆ ಬೇರೆ ಪ್ರಶ್ನೆ ಬೇಕು. ಜ್ವರ ಬಂದಿತ್ತಾ? ಮನೆಯಲ್ಲಿ ಎಲ್ಲರಿಗೂ ಬಂದಿತ್ತಾ? ನೋವು ಇಳಿಯುತ್ತಿದೆಯಾ, ಏರುತ್ತಿದೆಯಾ? ರಕ್ತದಲ್ಲಿ ಆಂಟಿ-ಸಿಸಿಪಿ ಇದೆಯಾ? ಚಿಕೂನ್‌ಗುನ್ಯಾ ನೋವಿನವರಲ್ಲಿ ಅದು ಸಾಮಾನ್ಯವಾಗಿ ಇರಲ್ಲ.

ರಿಪೋರ್ಟಿನ ಕೊನೇ ಸಾಲಿನ 'ಕೋರಿಲೇಟ್ ಕ್ಲಿನಿಕಲಿ' ಅಂದರೆ ಇದೇ. ಚಿತ್ರ ಓದಿದವರು ಕೈ ತೊಳೆದುಕೊಳ್ಳೋ ಮಾತು ಅಂತ ನಾವು ತಿಳಿದಿರುತ್ತೇವೆ. ಅದು 60 ವರ್ಷದ ಅನುಭವದ ಸಾರಾಂಶ: ನಾನು ನೆರಳು ನೋಡಿದ್ದೇನೆ, ನೀವು ಮನುಷ್ಯರನ್ನು ನೋಡಿ ಅಂತ. ಇವತ್ತಿಗೂ ಜಗತ್ತು ಬಳಸೋ 2010ರ ರುಮಟಾಯ್ಡ್ ನಿಯಮದಲ್ಲಿ ಮೊದಲ ಮೆಟ್ಟಿಲು, ಒಂದು ಕೀಲಲ್ಲಾದರೂ ವೈದ್ಯರು ಪರೀಕ್ಷಿಸಿ ಖಚಿತ ಮಾಡಿದ ಬಾವು ಇರಬೇಕು, ಅದಕ್ಕೆ ಬೇರೆ ಕಾರಣ ಇರಬಾರದು ಅನ್ನೋದು. ಲಾಂದ್ರೆ-ಬೋವೇ ಕಾಲದ ಬೆರಳೇ ಇನ್ನೂ ಬಾಗಿಲ ಕಾವಲು.

ಒಂದು ಪ್ರಶ್ನೆ ಮಾತ್ರ ನನಗೆ ದೊಡ್ಡದಾಗಿ ಉಳಿದಿದೆ. ಲೈಡನ್‌ನ ಆ 193 ಜನರ ಕೈ ಮತ್ತು ನಮ್ಮ ಸೀಮೆಯ ಕೈ ಒಂದೇನಾ?

ಸಿರುಗುಪ್ಪ ತುಂಗಭದ್ರಾ ನೀರಿನ ಭತ್ತದ ಸೀಮೆ. ನಾಟಿ ಮಾಡೋ ಹೆಣ್ಣುಮಕ್ಕಳು ದಿನವಿಡೀ ಕೆಸರಲ್ಲಿ ಬಗ್ಗಿ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಸಸಿ ಹಿಡಿದು ಊರುತ್ತಾರೆ. ಕುರುಗೋಡು ಸುತ್ತಿನಲ್ಲಿ ಮೆಣಸಿನಕಾಯಿ ಬಿಡಿಸೋ ಕೈಗಳಿವೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯೋ ಮನೆಗಳ ಸಾಲೇ ಇದೆ. ದಪ್ಪ ಬಟ್ಟೆಯನ್ನು ಸೂಜಿಯಡಿ ಒತ್ತಿ ತಳ್ಳೋ ಕೈ, ದಾರ ಕತ್ತರಿಸೋ ಕೈ. ಕೆಲಸ ಬೆರಳನ್ನು ಬದಲಿಸುತ್ತೆ ಅನ್ನೋದಕ್ಕೆ ಹಳೇ ಪುರಾವೆ ಇದೆ. 1978ರಲ್ಲಿ ಅಮೆರಿಕದ ನಾರ್ಟಿನ್ ಹ್ಯಾಡ್ಲರ್ ಮತ್ತು ಸಂಗಡಿಗರು ವರ್ಜೀನಿಯಾದ ಒಂದು ಉಣ್ಣೆ ಬಟ್ಟೆ ಗಿರಣಿಯಲ್ಲಿ ಎಷ್ಟೋ ವರ್ಷ ಒಂದೇ ಕೆಲಸ ಮಾಡಿದ ಹೆಂಗಸರ ಕೈಗಳನ್ನು ನೋಡಿದರು. ಬೆರಳ ತುದಿಯಲ್ಲಿ ನಾಜೂಕಾಗಿ ಗಂಟು ಕೀಳುತ್ತಿದ್ದವರ ಕೈಯಲ್ಲಿ ಬದಲಾವಣೆ ಒಂದು ಕಡೆ, ಇಡೀ ಕೈ ತಿರುಗಿಸಿ ದುಡಿಯುತ್ತಿದ್ದವರಲ್ಲಿ ಇನ್ನೊಂದು ಕಡೆ. ಒಂದೇ ಸೂರಿನಡಿ, ಕೆಲಸಕ್ಕೊಂದು ಕೈ.

ನಮ್ಮ ಸೀಮೆಯ ಕೈ ದುಡಿಮೆಗೆ ವಯಸ್ಸೂ ಕಡಿಮೆಯಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಕೊಡಲಿ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಕೊರಕಲು ಇವತ್ತಿಗೂ ಕಾಣುತ್ತವೆ. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಉತ್ಖನನ ನಡೆಸಿದವರು ಎಂ. ಎಸ್. ನಾಗರಾಜರಾವ್. ಅಲ್ಲಿ ಸಿಕ್ಕ ಮನುಷ್ಯರ ಮೂಳೆಗಳನ್ನು ಓದೋಕೆ ಅವರ ಜೊತೆ ಮಾನವಶಾಸ್ತ್ರಜ್ಞ ಕೆ. ಸಿ. ಮಲ್ಹೋತ್ರ ಇದ್ದರು. ಸಾವಿರಾರು ವರ್ಷದ ಹಿಂದಿನವರ ಮೂಳೆಯನ್ನು ಅಷ್ಟು ಶ್ರದ್ಧೆಯಿಂದ ಅಳೆದ ಊರು ಅದು.

ಅದೇ ಶ್ರದ್ಧೆ ಈಗ ಅದೇ ಊರಿನ ಗದ್ದೆಯಲ್ಲಿ ನಿಂತಿರೋ ಬದುಕಿರುವ ಕೈಗಳಿಗೂ ಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಬಳ್ಳಾರಿಯಲ್ಲಿ ಯಂತ್ರ ಇವೆ. ನೋವಿಲ್ಲದ ನಾಟಿ ಹೆಣ್ಣುಮಕ್ಕಳು, ನೋವಿಲ್ಲದ ಟೇಲರ್‌ಗಳು, ಕೀಬೋರ್ಡ್ ಕುಟ್ಟೋ ನಮ್ಮಂಥವರು, 20ರವರು, 60ರವರು, ಇವರ ಬೆರಳು ಹೇಗಿರುತ್ತೆ ಅಂತ ಕೂತು ನೋಡೋ ಜನ ಬೇಕು. ಲೀ ಊರಲ್ಲಿ ಮಾಡಿದ್ದನ್ನು ಸಿರುಗುಪ್ಪದಲ್ಲಿ ಮಾಡಬಾರದು ಅಂತ ಏನಿಲ್ಲ.

ಅಲ್ಲಿಯವರೆಗೆ ರಿಪೋರ್ಟು ಬಂದಾಗ ಮಾಡಬೇಕಾದ್ದು ಇಷ್ಟು. ಗೂಗಲ್ ಮುಚ್ಚಿ, ರುಮಟಾಲಜಿಸ್ಟ್ ಅಥವಾ ಒಳ್ಳೇ ಫಿಜಿಶಿಯನ್ ಹತ್ತಿರ ಹೋಗಿ. ಕವರ್ ಕೊಡೋ ಮೊದಲು ಕೈ ಚಾಚಿ. ಗೆಣ್ಣು ಗೆಣ್ಣು ಒತ್ತಿ ನೋಡಲಿ. ಎಂಆರ್‌ಐಯಲ್ಲಿ ಕಂಡದ್ದು ಈ ವಯಸ್ಸಿಗೆ, ಈ ಕೆಲಸಕ್ಕೆ ಮಾಮೂಲಾ ಅಂತ ಕೇಳಿ. ನೋವಿರೋ ಗೆಣ್ಣೂ ಚಿತ್ರದಲ್ಲಿ ಹೊಳೆದ ಗೆಣ್ಣೂ ಒಂದೇನಾ ಅಂತ ಕೇಳಿ. ಜ್ವರ ಬಂದು ಹೋಗಿದ್ದರೆ ತಪ್ಪದೇ ಹೇಳಿ. ಬೆಳಗಿನ ಬಿಗಿ ಎಷ್ಟು ಹೊತ್ತು ಇರುತ್ತೆ ಅಂತ ಒಂದು ವಾರ ಗಡಿಯಾರ ನೋಡಿ ಬರೆದುಕೊಂಡು ಹೋಗಿ. ಯಾವ ಯಂತ್ರಕ್ಕೂ ಸಿಗದ ಮಾಹಿತಿ ಅದು. ಔಷಧ ಬೇಕು ಅಂದರೆ ತಗೊಳ್ಳಿ, ನಡುವೆ ಬಿಡಬೇಡಿ. ಮೂರು ತಿಂಗಳು ಕಾದು ನೋಡೋಣ ಅಂದರೆ, ನಿಮ್ಮ ರೋಗ ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಸರಿಯಿರುವ ಬೆರಳನ್ನು ಸರಿ ಇದೆ ಅಂತ ಧೈರ್ಯವಾಗಿ ಹೇಳೋಕೆ ವೈದ್ಯಶಾಸ್ತ್ರ ಬಹಳ ಕಷ್ಟಪಟ್ಟು ಕಲಿತಿದೆ.